ಗಿರಾಕಿಗಳ ಆಯುಸ್ಸು ಹನ್ನೊಂದು ವರ್ಷ

ಮಾರ್ಚ್ ೧೪, ಗುರುವಾರ

ಚಿರಂಜೀವಿ ಗುಂಡನಿಗೆ,

ಅಕ್ಕ ಮಾಡುವ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ನೀನು, ನಿನ್ನ ಹೆಂಡತಿ, ಮಗಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ವಕೀಲರು ಕಾಗದ ತಂದುಕೊಟ್ಟು ಇವತ್ತಿಗೆ ಹನ್ನೆರಡು ದಿನ. ಆಮೇಲೆ ನೀನು ಏಳು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಮರೆತು ಅಲ್ಲ, ಬೇಕೆಂದೇ. ಫೋನಿನಲ್ಲಿ ಮಾತಾಡುವವನು ಯಾವಾಗಲೂ ನೀನು, ಹೂಂಗುಟ್ಟುವವಳು ನಾನು. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವುದಕ್ಕೆ ನಿನಗೆ ಆಗುವುದಿಲ್ಲ.

ಮೊದಲು ಸಮಾಚಾರ. ಬಲಗೈ ಹೆಬ್ಬೆರಳಿನ ಬುಡದ ನೋವು ಹಾಗೇ ಇದೆ. ಮೂವತ್ತೊಂದು ವರ್ಷ, ಕಿವಿಯೊಳಗೆ ಕೂರುವ ಕಿವಿಯಂತ್ರದ ಅಚ್ಚುಗಳನ್ನು ಅರದಿಂದ ತೀಡಿದ ಬೆರಳು. ವಿಶ್ರಾಂತಿ ಕೊಡಿ ಎಂದರು ಡಾಕ್ಟರು. ಅದನ್ನು ಕಂಪನಿಯವರೇ ಕೊಟ್ಟಿದ್ದಾರೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಸುಮ್ಮನೆ ನಕ್ಕರು. ಕೆಳಗಿನ ಮನೆಯವರ ನಲ್ಲಿ ಇನ್ನೂ ಸೋರುತ್ತಿದೆ. ನಿಮ್ಮ ಕಂಪನಿಯ ವಾರ್ಷಿಕ ವರದಿ ಅಂಚೆಯಲ್ಲಿ ಬಂತು. ನನ್ನನ್ನು ಕೆಲಸದಿಂದ ಕಳಿಸುವಾಗ ಇನ್ನೂರು ಷೇರು ಕೊಟ್ಟಿದ್ದರಲ್ಲ, ಅದರ ಪುಣ್ಯ. ಮುಖಪುಟದಲ್ಲಿ ಒಬ್ಬ ಅಜ್ಜ ಕಿವಿಯಂತ್ರ ಹಾಕಿಕೊಂಡು ಬಾಯಿ ತುಂಬ ನಗುತ್ತಿದ್ದಾನೆ. ಅಚ್ಚು ಎಡಗಿವಿಯದು, ಹಾಕಿರುವುದು ಬಲಗಿವಿಗೆ. ಹಾಗೆ ಹಾಕಿದರೆ ನಗು ಬರುವುದಿಲ್ಲ, ಪ್ರಾಣ ಹೋಗುವಷ್ಟು ನೋವು ಬರುತ್ತದೆ. ನಲವತ್ತು ಅಂಗಡಿ ಇರುವ ಕಂಪನಿಯಲ್ಲಿ ಅದನ್ನು ಗುರುತಿಸುವವರು ಒಬ್ಬರೂ ಉಳಿದಿಲ್ಲ.

ವರದಿಯನ್ನು ನಾನು ಹಿಂದಿನಿಂದ ಓದುತ್ತೇನೆ. ಚಿತ್ರಗಳು ಮುಂದೆ, ನಿಜ ಹಿಂದಿನ ಟಿಪ್ಪಣಿಗಳಲ್ಲಿ ಅಂತ ಹೇಳಿಕೊಟ್ಟವನು ನೀನೇ. ನಿನಗೆ ಕಣ್ಣಿನಲ್ಲಿ ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ, ಕಿವಿಯಲ್ಲಿ ಕೇಳಿದ್ದು ಹತ್ತುತ್ತಿತ್ತು. ನಾನೇ ಅಡುಗೆಮನೆ ಮೇಜಿನ ಮೇಲೆ ನಿನ್ನ ಲೆಕ್ಕಶಾಸ್ತ್ರದ ಪುಸ್ತಕ ನಿಲ್ಲಿಸಿಕೊಂಡು, ಮನೆಗೆ ತಂದ ಅಚ್ಚುಗಳನ್ನು ತೀಡುತ್ತಾ, ಪುಟ ಪುಟವೇ ಗಟ್ಟಿಯಾಗಿ ಓದಿದೆ. ನೀನು ಎರಡು ಸಲ ನಪಾಸಾದೆ. ಮೂರನೆಯ ಸಲ ಪಾಸಾಗುವ ಹೊತ್ತಿಗೆ ನಿನಗೆ ಎಷ್ಟು ಗೊತ್ತಿತ್ತೋ ನನಗೂ ಅಷ್ಟೇ ಗೊತ್ತಿತ್ತು. ಸರ್ಟಿಫಿಕೇಟು ಮಾತ್ರ ಒಂದೇ ಬಂತು.

ಅಮಾರ್ಟೈಸೇಶನ್ ಎಂಬ ಮಾತನ್ನು ನಾನು ಮೊದಲು ಉಚ್ಚರಿಸಿದ್ದು ಆ ಮೇಜಿನಲ್ಲೇ. ಕೈಯಲ್ಲಿ ಹಿಡಿಯಲಾಗದ ಆಸ್ತಿಯನ್ನು, ಅಂದರೆ ಹೆಸರನ್ನೋ ಹಕ್ಕನ್ನೋ ಗಿರಾಕಿಗಳ ಪಟ್ಟಿಯನ್ನೋ ಕೊಂಡರೆ, ಅದರ ಬೆಲೆಯನ್ನು ಅದು ಬಾಳುವಷ್ಟು ವರ್ಷಗಳಿಗೆ ಹಂಚಿ, ವರ್ಷಕ್ಕೆ ಒಂದೊಂದು ಪಾಲನ್ನು ಲಾಭದಿಂದ ಕಳೆಯಬೇಕು. “ಚಪ್ಪಲಿ ಕೊಂಡ ದಿನವೇ ಸವೆಯಲ್ಲವಲ್ಲಕ್ಕ, ಹಾಗೆ” ಎಂದಿದ್ದೆ. ನನಗೆ ಅದು ನ್ಯಾಯವಾಗಿ ಕಂಡಿತ್ತು. ಈಗಲೂ ಹಾಗೇ ಕಾಣುತ್ತದೆ, ಚಪ್ಪಲಿ ಎಷ್ಟು ವರ್ಷ ಬಾಳುತ್ತದೆಂದು ಹೇಳುವವನು ಮಾರುವವನೇ ಆಗದಿದ್ದರೆ.

ನಾನು ಕೆಲಸಕ್ಕಿದ್ದ ಅಂಗಡಿಯನ್ನು ನಿಮ್ಮ ಕಂಪನಿ ಅದರ ಯಜಮಾನರಿಂದ ಕೊಂಡ ವರ್ಷ ನಿನಗೆ ನೆನಪಿದೆಯೋ ಇಲ್ಲವೋ, ನನಗೆ ದಿನಗಳು ನೆನಪಿವೆ. ಒಂದೇ ವರ್ಷದಲ್ಲಿ ನಲವತ್ತು ಅಂಗಡಿ ಬುಟ್ಟಿಗೆ ಹಾಕಿಕೊಂಡಿರಿ. ನೀನು ಆಗ ತಾನೇ ಹಣಕಾಸು ಮುಖ್ಯಸ್ಥನಾಗಿದ್ದೆ. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, ಒಬ್ಬ ಗಿರಾಕಿ ಒಂದು ಅಂಗಡಿಯಲ್ಲಿ ಸರಾಸರಿ ಎಷ್ಟು ವರ್ಷ ಇರುತ್ತಾನೆ, ನಿನ್ನ ಕಾರ್ಡುಗಳನ್ನು ನೋಡಿ ಹೇಳು ಎಂದೆ. ಉಳಿದ ಮೂವತ್ತೊಂಬತ್ತು ಅಂಗಡಿಗಳಲ್ಲಿ ಬರೀ ಬಿಲ್ಲಿನ ಪುಸ್ತಕ ಇತ್ತಂತೆ. ಪ್ರತಿಯೊಬ್ಬ ಗಿರಾಕಿಗೂ ಒಂದು ಕಾರ್ಡು, ಅದರಲ್ಲಿ ಕಿವಿಯ ಚಿತ್ರ, ಬಂದ ತಾರೀಖುಗಳು, ಹೀಗೆಲ್ಲ ಬರೆದಿಟ್ಟ ಹುಚ್ಚಿ ನಾನೊಬ್ಬಳೇ.

ನಾನು ಎರಡು ದಿನ ಕೂತು ಎಣಿಸಿದೆ. ತೀರಿಕೊಂಡವರ ಕಾರ್ಡಿನ ಮೂಲೆಗೆ ಒಂದು ಗೆರೆ ಎಳೆದು ಮೇಲಿನ ಡ್ರಾಯರಿನಲ್ಲಿ ಇಡುವುದು ನನ್ನ ಪದ್ಧತಿ. ಮೊದಲ ತಾರೀಖಿನಿಂದ ಗೆರೆಯವರೆಗೆ ಸರಾಸರಿ ಹನ್ನೊಂದು ವರ್ಷ ಬಂತು. ಹೆಮ್ಮೆಯಿಂದಲೇ ಹೇಳಿದೆ. ಹೇಳಿದ ಮೇಲೆ ಮನಸ್ಸು ತಡೆಯಲಿಲ್ಲ, ಇನ್ನೊಂದು ಮಾತನ್ನೂ ಹೇಳಿದೆ. ನಮ್ಮನ್ನು ಬಿಟ್ಟು ಬೇರೆ ಅಂಗಡಿಗೆ ಹೋದವರ ಕಾರ್ಡುಗಳನ್ನು ನಾನು ಇಡುವುದಿಲ್ಲ, ಹರಿದುಹಾಕುತ್ತೇನೆ ಎಂದೆ. ಅದು ತಪ್ಪು, ಒಪ್ಪುತ್ತೇನೆ. ಯಜಮಾನರೇ ಗೇಲಿ ಮಾಡುತ್ತಿದ್ದರು: “ಇವಳ ಡ್ರಾಯರಿನಲ್ಲಿ ಸತ್ತವರಿಗೆ ಜಾಗ ಇದೆ, ಬಿಟ್ಟವರಿಗೆ ಇಲ್ಲ.” ಹಾಗೆ ಬಿಟ್ಟು ಹೋದವರೂ ಹೆಚ್ಚುಕಡಿಮೆ ಅಷ್ಟೇ ಜನ, ಬಹಳ ಮಂದಿ ಒಂದು ವರ್ಷದೊಳಗೇ ಹೋದವರು, ಅವರನ್ನು ಸೇರಿಸಿದರೆ ಸರಾಸರಿ ಆರಕ್ಕೆ ಇಳಿಯುತ್ತದೆ, ಆರು ಅಂತಲೇ ಹಾಕು ಎಂದೆ.

ನೀನು ನಕ್ಕೆ. “ಹರಿದದ್ದನ್ನ ಯಾರೂ ಆಡಿಟ್ ಮಾಡೋಕಾಗಲ್ಲ ಬಿಡಕ್ಕ” ಎಂದೆ.

ಅದು ತಮಾಷೆ ಎಂದುಕೊಂಡು ನಾನೂ ನಕ್ಕೆ. ನನ್ನ ಬದುಕಿನಲ್ಲಿ ನಾನು ನಕ್ಕು ಕೆಟ್ಟದ್ದು ಅದೊಂದೇ ಸಲ.

ಮುಂದಿನ ವರ್ಷದ ವರದಿ ಬಂದಾಗ ಟಿಪ್ಪಣಿ ಹದಿನಾಲ್ಕು ನೋಡಿದೆ. ನಲವತ್ತೂ ಅಂಗಡಿಗಳ ಗಿರಾಕಿ ಪಟ್ಟಿಯ ಬೆಲೆ ನೂರಮೂವತ್ತೆರಡು ಕೋಟಿ, ಆಯುಸ್ಸು ಹನ್ನೊಂದು ವರ್ಷ. ವರ್ಷಕ್ಕೆ ಹನ್ನೆರಡು ಕೋಟಿ ಕಳೆದು, ಏಳು ಕೋಟಿ ಲಾಭ. ಆರು ವರ್ಷ ಎಂದು ಹಿಡಿದಿದ್ದರೆ ಇಪ್ಪತ್ತೆರಡು ಕೋಟಿ ಕಳೆಯಬೇಕಿತ್ತು, ಮೂರು ಕೋಟಿ ನಷ್ಟ. ನನ್ನ ಮೇಲಿನ ಡ್ರಾಯರಿನ ಸತ್ತವರೆಲ್ಲ ಸೇರಿ ನಿನ್ನ ನಷ್ಟವನ್ನು ಹೊತ್ತು ಲಾಭದ ಕಡೆ ಇಳಿಸಿದ್ದರು. ಅದು ಸಾಲದು ಅಂತ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ‘ಹೊಂದಿಸಿದ ಲಾಭ’ ಹತ್ತೊಂಬತ್ತು ಕೋಟಿ! ಆ ಹನ್ನೆರಡು ಕೋಟಿಯನ್ನು ವಾಪಸು ಕೂಡಿಸಿಕೊಂಡಿದ್ದಿರಿ. ಇದೇನೋ ಎಂದು ಕೇಳಿದ್ದಕ್ಕೆ, ಅದು ಬರೀ ಪುಸ್ತಕದ ಖರ್ಚು, ಜೇಬಿನಿಂದ ಹೋಗಿದ್ದಲ್ಲ ಎಂದೆ ನೀನು. ಜೇಬಿನಿಂದ ಹೋಗದೆ ನೂರಮೂವತ್ತೆರಡು ಕೋಟಿಯ ಪಟ್ಟಿ ಆಕಾಶದಿಂದ ಬಿತ್ತೇ ಎಂದು ಕೇಳಿದೆ. ನಿನಗೆ ಮೀಟಿಂಗ್ ಇತ್ತು.

ಆ ಒಂದು ಲೆಕ್ಕದ ಹಿಂದೆ ಏನೇನಾಯಿತು ಅನ್ನುವುದು ಯಾವ ಟಿಪ್ಪಣಿಯಲ್ಲೂ ಇಲ್ಲ. ನಮ್ಮ ಬೀದಿಯ ಗಡಿಯಾರ ರಿಪೇರಿಯವರು ಗೊತ್ತಲ್ಲ, ನಿನ್ನ ಮೊದಲ ವಾಚಿಗೆ ಪುಕ್ಕಟೆ ಪಟ್ಟಿ ಹಾಕಿಕೊಟ್ಟವರು. ಹದಿನಾಲ್ಕು ವರ್ಷದಿಂದ ನಮ್ಮ ಗಿರಾಕಿ. ಕಿವಿಯ ಅಚ್ಚಿಗೆ ಒಂದು ಸಣ್ಣ ಕೊಳವೆ ಇರುತ್ತದೆ, ಮೂರು ನಾಲ್ಕು ತಿಂಗಳಿಗೊಮ್ಮೆ ಗಟ್ಟಿಯಾಗುತ್ತದೆ, ಬದಲಾಯಿಸಬೇಕು. ಐದು ನಿಮಿಷದ ಕೆಲಸ. ನಾವು ಅದಕ್ಕೆ ಕಾಸು ಮುಟ್ಟಿದವರಲ್ಲ. ನಿಮ್ಮ ಕಂಪನಿ ಬಂದ ಮೇಲೆ ಅದಕ್ಕೊಂದು ಸೇವಾಶುಲ್ಕ, ಹತ್ತೊಂಬತ್ತು ದಿನ ಮುಂಚೆ ಸಮಯ ಗೊತ್ತುಮಾಡಿಕೊಳ್ಳಬೇಕು ಎಂಬ ಕಾನೂನು. ಅವರು ಕೌಂಟರಿನ ಮುಂದೆ ನಿಂತು ನನ್ನ ಮುಖ ನೋಡಿದರು, ಗೋಡೆಗೆ ಅಂಟಿಸಿದ ದರಪಟ್ಟಿ ನೋಡಿದರು, ಯಂತ್ರವನ್ನು ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಂಡು ಹೋದರು. ಎರಡು ತಿಂಗಳ ಮೇಲೆ ಅವರ ಅಂಗಡಿಯ ಮುಂದೆ ಹಾದುಹೋಗುವಾಗ ನೋಡಿದೆ. ಬಿಚ್ಚಿದ ವಾಚನ್ನು ಹಲ್ಲಿನ ನಡುವೆ ಕಚ್ಚಿ ಕಣ್ಣು ಮುಚ್ಚಿ ಕೂತಿದ್ದರು. ಟಿಕ್ ಟಿಕ್ ಕಿವಿಗೆ ಕೇಳಿಸುವುದಿಲ್ಲ, ಹಲ್ಲಿಗೆ ತಿಳಿಯುತ್ತದಂತೆ.

ಇದನ್ನು ನಿನಗೆ ಹೇಳಿದಾಗ ನೀನು ಬೇಸರ ಮಾಡಿಕೊಳ್ಳಲಿಲ್ಲ, ಪಾಠ ಮಾಡಿದೆ. ಇರುವ ಗಿರಾಕಿಯ ಕೊಳವೆ ಬದಲಾಯಿಸಿದರೆ ಅದು ಈ ವರ್ಷದ ಖರ್ಚು, ಹೊಂದಿಸಿದ ಲಾಭದಿಂದ ನೇರ ಕಳೆಯುತ್ತದೆ, ನಮ್ಮೆಲ್ಲರ ಬೋನಸ್ಸು ನಿಂತಿರುವುದು ಆ ಲಾಭದ ಮೇಲೆ. ಅವನು ಹೋದರೆ ಹೋಗಲಿ, ಬೇರೆ ಅಂಗಡಿಯ ಪಟ್ಟಿ ಕೊಂಡರಾಯಿತು, ಅದು ಅಮಾರ್ಟೈಸೇಶನ್ನಿಗೆ ಹೋಗುತ್ತದೆ, ಆ ಲಾಭವನ್ನು ಮುಟ್ಟುವುದಿಲ್ಲ. “ಉಳಿಸಿಕೊಂಡರೆ ಖರ್ಚು, ಕೊಂಡರೆ ಆಸ್ತಿ. ಅಷ್ಟೇ ಅಕ್ಕ” ಎಂದೆ. ಎಷ್ಟು ಚೆನ್ನಾಗಿ ಹೇಳಿದೆ! ಮಕ್ಕಳ ಪದ್ಯದ ಹಾಗೆ ಬಾಯಿಗೆ ಕೂರುತ್ತದೆ.

ಅದೇ ಪದ್ಯದ ಎರಡನೆಯ ಸಾಲು ನನಗೆ ಆಮೇಲೆ ಸಿಕ್ಕಿತು. ಅಚ್ಚು ಮಾಡುವ ಕೆಲಸವನ್ನೆಲ್ಲ ದೂರದ ಕಾರ್ಖಾನೆಗೆ ಕೊಟ್ಟು ನನ್ನನ್ನು ಮನೆಗೆ ಕಳಿಸಿದಾಗ, ನಿನ್ನ ಸಂಬಳ ಖರ್ಚಿನ ಕಡೆ ಬರುತ್ತದಕ್ಕ, ನನ್ನ ಕೈ ಕಟ್ಟಿದೆ ಎಂದೆ. ಪಟ್ಟಿ ಆಸ್ತಿ, ಪಟ್ಟಿ ಬರೆದವಳು ಖರ್ಚು. ನಾನು ಅತ್ತೆನೇ? ಜಗಳವಾಡಿದೆನೇ? ಅಂಗಡಿಯಿಂದ ನನ್ನ ಅರಗಳನ್ನು ಮಾತ್ರ ತಂದುಕೊಂಡೆ.

ಈಗ ಮೂರು ವರ್ಷವಾಯಿತು. ಗಿರಾಕಿಗಳು ಹನ್ನೊಂದು ವರ್ಷ ಕಾಯಲಿಲ್ಲ, ಗುಂಪುಗುಂಪಾಗಿ ಹೋದರು. ಪುಸ್ತಕದಲ್ಲಿ ಇನ್ನೂ ತೊಂಬತ್ತಾರು ಕೋಟಿ ಅಂತ ಕೂತಿದ್ದ ಪಟ್ಟಿಗೆ ನಿಜವಾಗಿ ಇಪ್ಪತ್ತನಾಲ್ಕು ಕೋಟಿಯೂ ಹುಟ್ಟುವುದಿಲ್ಲ ಎಂದು ಆಡಿಟರು ಪಟ್ಟು ಹಿಡಿದರು. ಎಪ್ಪತ್ತೆರಡು ಕೋಟಿಯನ್ನು ಒಂದೇ ತ್ರೈಮಾಸಿಕದಲ್ಲಿ ನಷ್ಟವೆಂದು ಬರೆಯಬೇಕಾಯಿತು. ಷೇರು ನೆಲಕಚ್ಚಿತು. ಹನ್ನೊಂದು ಎಂದು ಹೇಳಿದವರು ಯಾರು ಅಂತ ಹುಡುಕಲು ನಿರ್ದೇಶಕರು ಒಂದು ಸಮಿತಿ ಕೂರಿಸಿದರು. ಆಗ ನಿನಗೆ ಅಕ್ಕನ ನೆನಪಾಯಿತು.

ನಿನ್ನ ವಕೀಲರು ಬೆಣ್ಣೆಯಲ್ಲಿ ಕೂದಲು ತೆಗೆಯುವ ಹಾಗೆ ಮಾತಾಡುತ್ತಾರೆ. ಒಂದೇ ಪುಟ, ಒಂದೇ ಸಹಿ, ನಿಮಗೇನೂ ಆಗುವುದಿಲ್ಲ, ನಿವೃತ್ತರಾದವರನ್ನು ಯಾರು ಏನು ಮಾಡುತ್ತಾರೆ ಎಂದರು. ಕಾಗದದಲ್ಲಿರುವುದು ಇಷ್ಟು: ಹನ್ನೊಂದು ವರ್ಷ ಎಂಬ ಅಂದಾಜು ನನ್ನದು, ಬಿಟ್ಟುಹೋದ ಗಿರಾಕಿಗಳ ಕಾರ್ಡುಗಳನ್ನು ನಾನು ಹರಿದುಹಾಕಿದ್ದೆ, ಆ ವಿಷಯವನ್ನು ಕಂಪನಿಯ ಯಾರಿಗೂ ತಿಳಿಸದೆ ಮುಚ್ಚಿಟ್ಟೆ, ಹಣಕಾಸು ಮುಖ್ಯಸ್ಥರು ನನ್ನ ಮಾತನ್ನು ಪ್ರಾಮಾಣಿಕವಾಗಿ ನಂಬಿದರು. ನಾನು ಸಹಿ ಹಾಕಿದರೆ ನಿನ್ನ ಕುರ್ಚಿ ಉಳಿಯುತ್ತದೆ, ಹಾಕದಿದ್ದರೆ ಕುರ್ಚಿಯ ಜೊತೆ ಆ ಸರ್ಟಿಫಿಕೇಟೂ ಹೋಗುತ್ತದೆ. ಇದನ್ನು ವಕೀಲರು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಲೆಕ್ಕ ಬರುತ್ತದೆ.

ನಾಳೆ ಹನ್ನೊಂದು ಗಂಟೆಗೆ ಸಮಿತಿ ನನ್ನನ್ನು ಕರೆದಿದೆ. ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಉಳಿದದ್ದನ್ನು ಬಂದ ಮೇಲೆ ಬರೆಯುತ್ತೇನೆ.

ಮಾರ್ಚ್ ೧೬, ಶನಿವಾರ

ಹೋಗಿ ಬಂದೆ. ಇದು ನಿನ್ನ ಕೈಸೇರುವ ಮೊದಲೇ ನಿನಗೆ ಸುದ್ದಿ ಮುಟ್ಟಿರುತ್ತದೆ. ಆದರೂ ನನ್ನ ಬಾಯಿಂದ ಕೇಳು.

ಒಂಬತ್ತನೆಯ ಮಹಡಿ. ನೆಲಕ್ಕೆ ದಪ್ಪ ಜಮಖಾನ, ಹೆಜ್ಜೆ ಸದ್ದಾಗುವುದಿಲ್ಲ. ಮೇಜಿನ ಆಚೆ ಮೂರು ಜನ: ಬಿಳಿ ಗಡ್ಡದ ನಿರ್ದೇಶಕರು, ಆಡಿಟರಮ್ಮ, ಇನ್ನೊಬ್ಬ ವಕೀಲ. ನಾನು ಏನೋ ಹೆದರಿದ ಮುದುಕಿ ಎಂದುಕೊಂಡು ನೀರಿನ ಲೋಟವನ್ನು ಮೂರೂ ಜನ ಒಟ್ಟಿಗೆ ನನ್ನ ಕಡೆ ತಳ್ಳಿದರು. ನಿರ್ದೇಶಕರು ಕಾಗದ ಎಲ್ಲಿ, ಸಹಿ ಆಗಿದೆಯೇ ಎಂದು ಕೇಳಿದರು. ಮೊದಲು ಮಾತು, ಆಮೇಲೆ ಸಹಿ ಎಂದೆ.

ಹನ್ನೊಂದು ನನ್ನದೇ ಎಂದು ಒಪ್ಪಿಕೊಂಡೆ. ಕಾರ್ಡು ಹರಿದದ್ದನ್ನೂ ಒಪ್ಪಿಕೊಂಡೆ. ಯಾಕೆ ಹರಿದಿರಿ ಎಂದು ನಿರ್ದೇಶಕರು ಕೇಳಿದರು. ನಮ್ಮನ್ನು ಬೇಡ ಅಂದವರ ಕಿವಿಯ ಚಿತ್ರ ನಾನು ಯಾಕೆ ಇಟ್ಟುಕೊಳ್ಳಲಿ ಎಂದೆ. ಅವರಿಗೆ ನಗು ಬಂತು, ತಡೆದುಕೊಂಡರು. ಆಡಿಟರಮ್ಮ ನಗಲಿಲ್ಲ. ಚಿಕ್ಕ ವಯಸ್ಸು, ಒಳ್ಳೆಯ ಕೆಲಸಗಾತಿ ಅನ್ನಿಸಿತು, ಪೆನ್ನನ್ನು ಕೆಳಗೇ ಇಡುತ್ತಿರಲಿಲ್ಲ.

“ಹರಿದ ವಿಷಯ ಯಾರಿಗಾದರೂ ಹೇಳಿದ್ರಾ?” ಎಂದಳು.

“ಹೇಳಿದೆ. ಕೇಳಿದವರಿಗೇ ಹೇಳಿದೆ. ಆರು ಹಾಕಿ ಅಂತಲೂ ಹೇಳಿದೆ.”

“ಅವರೇನಂದ್ರು?”

“ಹರಿದದ್ದನ್ನ ಯಾರೂ ಆಡಿಟ್ ಮಾಡೋಕಾಗಲ್ಲ ಅಂದ್ರು.”

ಪೆನ್ನು ನಿಂತಿತು. ವಕೀಲ ಮುಂದಕ್ಕೆ ಬಾಗಿ, ಇದಕ್ಕೆ ಸಾಕ್ಷಿ ಏನಿದೆ, ಮೂರು ವರ್ಷದ ಹಿಂದಿನ ಫೋನು, ನಿಮ್ಮ ಮಾತು ಒಂದು ಕಡೆ, ಅವರ ಮಾತು ಒಂದು ಕಡೆ ಎಂದ. ನಾನು ಚೀಲದಿಂದ ನಿನ್ನ ಕಾಗದ ತೆಗೆದು ಅವರ ಮುಂದೆ ಇಟ್ಟೆ. ಆ ಫೋನಿಗೆ ಮೊದಲು ಕಾರ್ಡು ಹರಿಯುತ್ತಿದ್ದದ್ದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಅಂಗಡಿಯ ಯಜಮಾನರು. ಅಂಗಡಿ ಮಾರುವ ಮೊದಲೇ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು, ಆಮೇಲೆ ಹೋದರು. ಆ ಫೋನು ಬಿಟ್ಟರೆ ಈ ವಿಷಯವಾಗಿ ಇವತ್ತಿನವರೆಗೆ ನನ್ನನ್ನು ಯಾರೂ ಏನೂ ಕೇಳಿಲ್ಲ. ನಾನು ಕಂಪನಿಯ ಯಾರಿಗೂ ಹೇಳದೆ ಮುಚ್ಚಿಟ್ಟೆ ಅಂತ ಇದರಲ್ಲಿ ಬರೆದಿದೆಯಲ್ಲ, ಹಾಗಿದ್ದರೆ ಇದನ್ನು ಬರೆಸಿದವರಿಗೆ ಹರಿದದ್ದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಚಿಕ್ಕಂದಿನಲ್ಲಿ ನಿನಗೆ ಎಷ್ಟು ಸಲ ಹೇಳಿದ್ದೇನೆ. ನೀನು ಹೆಗಲು ಮುಟ್ಟಿಕೊಂಡದ್ದಷ್ಟೇ ಅಲ್ಲ, ಅದನ್ನು ಟೈಪ್ ಮಾಡಿಸಿ, ಮೊಹರು ಹಾಕಿಸಿ, ಮನೆಬಾಗಿಲಿಗೆ ಕಳಿಸಿದೆ. ಲೆಕ್ಕದವರು ಇಂಥ ತಪ್ಪು ಮಾಡಬಾರದು. ಮೂರನೆಯ ಸಲವೂ ನಿನ್ನನ್ನು ನಪಾಸು ಮಾಡಬೇಕಿತ್ತು.

ಆಡಿಟರಮ್ಮ ಆ ಸಾಲಿನ ಕೆಳಗೆ ನಿಧಾನವಾಗಿ ಗೆರೆ ಎಳೆದಳು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿ, ನೀವು ಯೋಚನೆ ಮಾಡಿ ಹೇಳುತ್ತಿದ್ದೀರಾ, ಇದರಿಂದ ಒಬ್ಬರ ಜೀವನ ಹಾಳಾಗುತ್ತದೆ ಎಂದರು. ಒಬ್ಬರದ್ದೇ ಆದರೆ ಅಗ್ಗ, ಗಿರಾಕಿಗಳದ್ದೂ ಎಣಿಸಿ ಎಂದೆ. ನಾನು ಹೇಳಿದ್ದನ್ನೆಲ್ಲ ಟೈಪ್ ಮಾಡಿ ತಂದರು. ಪ್ರತಿ ಪುಟಕ್ಕೂ ಸಹಿ ಹಾಕಿದೆ. ಹೆಬ್ಬೆರಳು ನೋಯಿತು, ಹಾಕಿದೆ.

ಹೊರಗೆ ಬಂದಾಗ ಕಾರಿಡಾರಿನ ಕೊನೆಯ ಗಾಜಿನ ಕೋಣೆಯಲ್ಲಿ ನೀನು ಯಾರ ಜೊತೆಗೋ ನಿಂತಿದ್ದೆ. ನನ್ನನ್ನು ನೋಡಿ ಹೆಬ್ಬೆರಳು ಎತ್ತಿ, ಆಯ್ತಾ ಎನ್ನುವ ಹಾಗೆ ಹುಬ್ಬು ಹಾರಿಸಿದೆ. ನಾನು ತಲೆಯಾಡಿಸಿದೆ. ನಿನ್ನ ಮುಖ ಎಷ್ಟು ಹಗುರವಾಯಿತು! ಆ ಹಗುರ ಎಷ್ಟು ಹೊತ್ತು ಉಳಿಯಿತೋ, ಅಷ್ಟು ಹೊತ್ತು ಅದು ನಾನು ಕೊಟ್ಟದ್ದು.

ಸೋಮವಾರ ನಿನ್ನ ಕೈಯಿಂದ ಬೀಗದ ಕೈ, ಕಂಪ್ಯೂಟರು ಇಸಿದುಕೊಳ್ಳುತ್ತಾರಂತೆ. ಮನೆ ಕಂಪನಿಯದು, ಅದನ್ನೂ ಕೇಳಬಹುದು. ನಿನ್ನ ಹೆಂಡತಿಗೆ ಮೊದಲೇ ಹೇಳಿಬಿಡು, ಅವಳಿಗೆ ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ. ಮಗಳ ಕಾಲೇಜಿನ ಫೀಸನ್ನು ನಾನು ಕಟ್ಟುತ್ತೇನೆ. ಅದು ಅವಳಿಗೆ, ನಿನಗಲ್ಲ.

ನಿನಗೆ ದೀರ್ಘಾಯುಸ್ಸು ಇರಲಿ. ನೆನಪಿನ ಶಕ್ತಿ ಕುಂದದಿರಲಿ. ಕಿವಿ ಕೊನೆಯತನಕ ಚೆನ್ನಾಗಿ ಕೇಳಲಿ, ಜನ ನಿನ್ನ ಬೆನ್ನ ಹಿಂದೆ ಆಡುವ ಒಂದೊಂದು ಮಾತೂ ನಿನಗೆ ಸ್ಪಷ್ಟವಾಗಿ ಕೇಳಿಸಲಿ.

ಇತಿ,
ಕಿವಿಯ ಅಚ್ಚು ಮಾಡುತ್ತಿದ್ದವಳು

ಮರೆತ ಮಾತು: ಕಾಗದದಲ್ಲಿರುವುದು ಇಷ್ಟು ಎಂದು ಮೇಲೆ ಬರೆದೆ. ಒಂದು ಸಾಲು ಬಿಟ್ಟಿದ್ದೆ, ಗುರುವಾರ ಅದನ್ನು ಬರೆಯುವುದಕ್ಕೆ ಕೈ ಬರಲಿಲ್ಲ. “ಸದರಿ ಮಾಜಿ ನೌಕರಳಿಗೂ ಹಣಕಾಸು ಮುಖ್ಯಸ್ಥರಿಗೂ ಯಾವುದೇ ರಕ್ತಸಂಬಂಧ ಅಥವಾ ಕುಟುಂಬ ಸಂಬಂಧ ಇರುವುದಿಲ್ಲ.” ಅಂದಾಜು ಹೇಳಿದವಳು ಹೊರಗಿನವಳಾದರೆ ನಿನಗೆ ಅನುಕೂಲ, ಅದು ನನಗೆ ತಿಳಿಯುತ್ತದೆ. ಅಂಗಡಿ ಕೊಳ್ಳುವಾಗಲೂ, ಆಫೀಸಿನಲ್ಲಿ ನನ್ನನ್ನು ಗುರುತಿಸಬೇಡ ಅಕ್ಕ ಎಂದಿದ್ದೆ. ಕೆಲಸದ ಮಾತು ಎಂದುಕೊಂಡು ನಾನು ಮೂರು ವರ್ಷ ಸುಮ್ಮನಿದ್ದೆ. ನಿನ್ನೆ ಕೊನೆಯಲ್ಲಿ ಆಡಿಟರಮ್ಮ ಬೆರಳಿಟ್ಟು, ಈ ಸಾಲಾದರೂ ನಿಜವೇ ಎಂದು ಕೇಳಿದಳು. ಈ ಕಾಗದದಲ್ಲಿ ನಿಜ ಇರುವುದು ಅದೊಂದೇ ಎಂದೆ. ಸಂಬಂಧ ಇಲ್ಲದವಳಿಗೆ ಸುಳ್ಳು ಹೇಳುವ ಕಾರಣ ಏನಿದೆ ಎಂದು ಅವರು ಉಳಿದದ್ದನ್ನೆಲ್ಲ ನಂಬಿದರು. ಆ ಒಂದು ಸಾಲು ಬರೆಸದಿದ್ದರೆ, ಮಿಕ್ಕ ಎಲ್ಲ ಸುಳ್ಳಿಗೂ ಕಾಗದ ಬಂದ ದಿನವೇ ಸಹಿ ಹಾಕಿ ಕಳಿಸುತ್ತಿದ್ದೆ ಕಣೋ.